ಹೋಸ್ಟಿಂಗ್ ರೀಸೇಲ್ ಮಾಡುವವರೇ, ಸರ್ಟಿಫಿಕೇಟ್ ಒಮ್ಮೆ ನೋಡಿಕೊಳ್ಳಿ

ಕಲಬುರಗಿ ಕಡೆಯ ಗೆಳೆಯರೇ, ನಮ್ಮೂರಲ್ಲಿ ವ್ಯಾಪಾರಿಗಳು ಒಬ್ಬರಿಗೊಬ್ಬರು ಪರಿಚಯ. ಹೋಸ್ಟಿಂಗ್ (ವೆಬ್‌ಸೈಟ್ ಇಡುವ ಸರ್ವರ್ ಜಾಗ) ಯಾರ ಹತ್ತಿರ ಅನ್ನೋದು ಹೊರಗೆ ಬಂದರೂ ಅವರಿಗೆ ಕಸಿವಿಸಿ.

ನನ್ನ ಹತ್ತಿರ ತೊಗರಿ ಬೇಳೆ ಮಿಲ್ಲಿನವರು ಇಬ್ಬರಿದ್ದಾರೆ, ಪೈಪೋಟಿಯವರು. ಇಬ್ಬರ ಡೊಮೇನ್, ಅಂದರೆ ಸೈಟ್‌ನ ಹೆಸರು, ಸಂಪರ್ಕ ಸುರಕ್ಷಿತವಾಗಿಸುವ ಒಂದೇ ಎಸ್‌ಎಸ್‌ಎಲ್ ಸರ್ಟಿಫಿಕೇಟ್‌ಗೆ ಹಾಕಿದ್ದೆ. ಉಚಿತವಾಗಿ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನಲ್ಲಿ ಒಂದಕ್ಕೆ 100 ಹೆಸರು ಹಿಡಿಸುತ್ತದೆ, ಸುಲಭ ಅಲ್ವಾ ಅಂತ. ಒಬ್ಬರು ಬ್ರೌಸರ್‌ನಲ್ಲಿ ಸರ್ಟಿಫಿಕೇಟ್ ತೆರೆದು ನೋಡಿದರು. ಇನ್ನೊಬ್ಬರ ಹೆಸರು ಅಲ್ಲೇ ಇತ್ತು. "ಅವರದ್ದೂ ನೀವೇ ನೋಡ್ತೀರೇನ್ರಿ?" ಅಂತ ಫೋನ್ ಬಂತು. ನನಗೆ ತುಂಬಾ ಬೇಜಾರಾಯಿತು.

ಆಮೇಲೆ ಬೇರೆ ಬೇರೆ ಮಾಡಿಸಿದೆ. ಆದರೆ ಸರ್ಟಿಫಿಕೇಟ್‌ಗಳು ಸಾರ್ವಜನಿಕ ಲಾಗ್‌ನಲ್ಲಿ ದಾಖಲಾಗುತ್ತವೆ. ಹಳೆಯದನ್ನು ಅಲ್ಲಿಂದ ಅಳಿಸಲು ಬರುವುದಿಲ್ಲ. ಅದಕ್ಕೇ ಮೊದಲ ದಿನದಿಂದಲೇ ಒಬ್ಬ ಗ್ರಾಹಕರಿಗೆ ಒಂದು ಸರ್ಟಿಫಿಕೇಟ್ ಇಡಿ.

ಗುಟ್ಟು ಹೊರಬೀಳುವ ಬೇರೆ ಜಾಗಗಳೂ ಇವೆ. ನೇಮ್‌ಸರ್ವರ್ (ಡೊಮೇನ್ ಯಾವ ಸರ್ವರ್‌ನಲ್ಲಿದೆ ಅಂತ ಹೇಳುವ ಸರ್ವರ್) ನಿಮ್ಮ ಸ್ವಂತ ಡೊಮೇನ್ ಹೆಸರಲ್ಲಿರಲಿ. ಡಿಎನ್‌ಎಸ್‌ನ (ಡೊಮೇನ್ ಹೆಸರುಗಳ ವಿಳಾಸ ಪಟ್ಟಿ) ಎಸ್‌ಒಎ ಎಂಬ ದಾಖಲೆಯಲ್ಲಿ ಒಂದು ಇಮೇಲ್ ವಿಳಾಸ ಇರುತ್ತದೆ, ಅದರಿಂದಲೂ ಗುಟ್ಟು ಹೊರಬೀಳದಂತೆ ನೋಡಿ. ಗ್ರಾಹಕರ ಮೇಲ್ ಹೆಡರ್‌ನಲ್ಲಿ (ಮೇಲ್ ಬಂದ ದಾರಿ ತೋರಿಸುವ ಭಾಗ) ಸರ್ವರ್ ಹೆಸರು ಕಾಣುತ್ತದೆ. ಅದು ಯಾವ ಗ್ರಾಹಕರ ಹೆಸರಿನದೂ ಆಗಿರಬಾರದು.

ಇನ್ನೊಂದು, ಇದು ಜಾಸ್ತಿ ಆಗುತ್ತಿದೆ. ಹೋಸ್ಟಿಂಗ್ ಗ್ರಾಹಕರ ಅಕೌಂಟ್ ನೋಡಿಕೊಳ್ಳುವ ಸಾಫ್ಟ್‌ವೇರ್ ಡಬ್ಲ್ಯುಎಚ್‌ಎಂನ ಅಕೌಂಟ್ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದು ಸುಮ್ನೆ ವಾಟ್ಸಾಪ್ ಗುಂಪಿಗೆ ಹಾಕಿ ಸಹಾಯ ಕೇಳುತ್ತೇವೆ. ಡೊಮೇನ್ ಹೆಸರು ಮುಚ್ಚಿ ಹಾಕಿ. ಬರೀ ಮಸುಕು ಮಾಡಿದರೆ ಸಾಲದು, ಕಪ್ಪು ಪಟ್ಟಿ ಎಳೆಯಿರಿ.