ರಿಯೊದ ಬಡ ಬಡಾವಣೆಗಳಲ್ಲಿ ಮಿಲಿಷಿಯಾ ಹಿಡಿತವನ್ನು ದಾಖಲಿಸುವ ಬಗೆ

ಬ್ರೆಜಿಲ್‌ನ ರಿಯೊ ಡಿ ಜನೈರೊ ನಗರದ ಪಶ್ಚಿಮ ವಲಯದಲ್ಲಿ ಮಿಲಿಷಿಯಾ ಯಾವ ಬೀದಿಯವರೆಗೆ ಕೈ ಚಾಚಿದೆ ಎಂದು ತಿಳಿಯಲು ಹೊರಡುವ ವರದಿಗಾರರು, ಸಂಶೋಧಕರು ಮೊದಲು ಬಂದೂಕು ಹುಡುಕುತ್ತಾರೆ. ಮಾದಕವಸ್ತು ಗುಂಪುಗಳಿರುವ ಕಡೆ ಓಣಿಯ ಬಾಯಲ್ಲೇ ರೈಫಲ್ ಹಿಡಿದ ಹುಡುಗರು ಕಂಡಾರು. ಮಿಲಿಷಿಯಾ ಇರುವ ಕಡೆ ಹೆಚ್ಚಾಗಿ ಕಾಣುವುದು ಅಂಗಡಿ, ವ್ಯಾನು, ಹೊಸದಾಗಿ ಎದ್ದ ಕಟ್ಟಡ. ಮಿಲಿಷಿಯಾ ಕಟ್ಟಿದವರು ಹಾಲಿ, ಮಾಜಿ ಪೊಲೀಸರು, ಅಗ್ನಿಶಾಮಕ ಸಿಬ್ಬಂದಿ, ಜೈಲು ಕಾವಲುಗಾರರು. ‘ಕಳ್ಳಕಾಕರಿಂದ ಕಾಯುತ್ತೇವೆ’ ಎಂದು ಬಂದವರು ಊರಿನ ವ್ಯಾಪಾರವನ್ನೇ ಹಿಡಿದುಕೊಂಡರು. ಹಾಗಾಗಿ ಹಣದ ಜಾಡು ಹಿಡಿಯಿರಿ.

ಅಡುಗೆ ಅನಿಲದ 13 ಕಿಲೊ ಸಿಲಿಂಡರಿನಿಂದ ಆರಂಭಿಸುವುದು ಒಳ್ಳೆಯದು. ಅದು ಮನೆಮನೆಗೂ ಬೇಕು, ಬಚ್ಚಿಟ್ಟು ಸಾಗಿಸಲು ಬರುವುದಿಲ್ಲ. ಬ್ರೆಜಿಲ್‌ನಲ್ಲಿ ಸಿಲಿಂಡರ್ ಮಾರಲು ರಾಷ್ಟ್ರೀಯ ಪೆಟ್ರೋಲಿಯಂ ಸಂಸ್ಥೆಯ ಅನುಮತಿ ಬೇಕು. ಅನುಮತಿ ಪಡೆದವರ ಪಟ್ಟಿ ತೆಗೆದು, ಬಡಾವಣೆಯಲ್ಲಿ ನಿಜಕ್ಕೂ ಮಾರುತ್ತಿರುವವರ ಜೊತೆ ಹೋಲಿಸಿ. ಮಿಲಿಷಿಯಾ ಹಿಡಿತವಿದೆ ಎನ್ನುವ ಜಾಗದ ಗಡಿಯ ಆಚೆ ಈಚೆ ಒಂದೇ ವಾರದ ಬೆಲೆ ಬರೆದುಕೊಳ್ಳಿ. ಹೊರಗಿನ ಮಾರಾಟಗಾರನ ಗಾಡಿ ಒಳಗೆ ಬರುತ್ತದೆಯೇ, ಯಾವ ತಿರುವಿನಲ್ಲಿ ಹಿಂದಿರುಗುತ್ತದೆ ಎಂದು ಗಮನಿಸಿ. ಮಾರುವವನು ಒಬ್ಬನೇ, ಬೆಲೆ ಜಾಸ್ತಿ, ಹೊರಗಿನವರಿಗೆ ಪ್ರವೇಶವಿಲ್ಲ: ಮೂರೂ ಕೂಡಿದರೆ ಅದು ಬಲವಾದ ಸುಳಿವು. ಬೆಲೆಯೊಂದನ್ನೇ ನಂಬಿದರೆ ಎಡವುತ್ತೀರಿ. ಗುಡ್ಡದ ಮೆಟ್ಟಿಲು ಹತ್ತಿ ಸಿಲಿಂಡರ್ ಹೊರಬೇಕಾದ ಕಡೆ ಹೊರೆಕೂಲಿ ಸೇರಿಯೇ ದರ ಏರಿರುತ್ತದೆ. ಸಮತಟ್ಟಾದ ಬೀದಿಯನ್ನು ಸಮತಟ್ಟಾದ ಬೀದಿಗೇ ಹೋಲಿಸಿ.

ಅಂಗಡಿಗಳಿಂದ ಎತ್ತುವ ಕಾವಲು ಹಫ್ತಾ, ಪ್ರಯಾಣಿಕರ ವ್ಯಾನುಗಳಿಂದ ಮಾಡುವ ವಸೂಲಿ, ಜನ ‘ಗಾಟೊನೆಟ್’ ಎನ್ನುವ ಕಳ್ಳ ಕೇಬಲ್ ಸಂಪರ್ಕ, ಇವನ್ನೂ ಹೀಗೇ ಒರೆಗೆ ಹಚ್ಚಬಹುದು.

ಕಟ್ಟಡಗಳಿಗೆ ಹೆಚ್ಚು ಸಮಯ ಕೊಡಿ. 2019ರ ಏಪ್ರಿಲ್ 12ರಂದು ಪಶ್ಚಿಮ ವಲಯದಲ್ಲಿ ಮಿಲಿಷಿಯಾ ಹಿಡಿತದಲ್ಲಿದ್ದ ಮುಜೆಮಾದಲ್ಲಿ ಎರಡು ಕಟ್ಟಡ ಕುಸಿದು 24 ಜನ ಸತ್ತರು. ಅಲ್ಲಿನ ನಿರ್ಮಾಣಕ್ಕೆ ಪರವಾನಗಿಯೇ ಇರಲಿಲ್ಲ. ಒಂದೊಂದು ಕಟ್ಟಡಕ್ಕೂ ನಾಲ್ಕು ವಿಷಯ ನೋಡಿ: ವರ್ಷವರ್ಷದ ಉಪಗ್ರಹ ಚಿತ್ರದಲ್ಲಿ ಅದು ಯಾವಾಗ ಎದ್ದಿತು, ನಗರಪಾಲಿಕೆಯ ಪರವಾನಗಿ ಇದೆಯೇ, ಕೆಲಸ ನಿಲ್ಲಿಸುವ ಆದೇಶ ಬಂದಿತ್ತೇ, ನೋಂದಣಿ ಕಚೇರಿಯಲ್ಲಿ ಜಾಗ ಯಾರ ಹೆಸರಿನಲ್ಲಿದೆ. ಕೊಂಡವರ ಕೈಯಲ್ಲಿ ನೋಂದಣಿಯಾಗದ ಬರಿಯ ಒಪ್ಪಂದ ಪತ್ರ, ಅದರ ಕೆಳಗೆ ನಿವಾಸಿಗಳ ಸಂಘದ ಮೊಹರು. ಆದರೆ ಫವೇಲಾ ಎನ್ನುವ ಈ ಬಡ ಬಡಾವಣೆಗಳಲ್ಲಿ ಸಂಘದ ಕಾಗದದ ಮೇಲೆ ಮನೆ ಕೈಬದಲಾಗುವುದು ಹಳೆಯ ವಾಡಿಕೆ. ಮೊಹರು ಕಂಡ ಮಾತ್ರಕ್ಕೆ ಸಂಘವನ್ನು ದೂರಬೇಡಿ. ಪಾಲಿಕೆ ದಾಖಲೆ ಕೊಡದಿದ್ದರೆ 2011ರ 12.527ನೇ ಮಾಹಿತಿ ಕಾಯ್ದೆಯಡಿ ಅರ್ಜಿ ಹಾಕಿ. ಉತ್ತರಕ್ಕೆ 20 ದಿನ, ಕಾರಣ ಕೊಟ್ಟರೆ ಇನ್ನೂ 10 ದಿನ ಗಡುವಿದೆ.

ಮತದ ಲೆಕ್ಕವೂ ಮಾತಾಡುತ್ತದೆ. ಚುನಾವಣಾ ನ್ಯಾಯಾಲಯ ಒಂದೊಂದು ಮತಯಂತ್ರದ ಎಣಿಕೆಯನ್ನೂ ಪ್ರಕಟಿಸುತ್ತದೆ. ನಗರದಲ್ಲೆಲ್ಲ ಹೆಸರಿಲ್ಲದ ಅಭ್ಯರ್ಥಿಗೆ ಎರಡೋ ಮೂರೋ ಮತಗಟ್ಟೆಗಳಲ್ಲಿ ಮಾತ್ರ ಮತ ರಾಶಿ ಬಿದ್ದಿದ್ದರೆ ಮಿಲಿಷಿಯಾ ಒತ್ತಡದ ಸುಳಿವಿರಬಹುದೆಂದು ಗುರುತು ಹಾಕಿ. ಆದರೆ ಅವರು ಅಲ್ಲೇ ಹುಟ್ಟಿ ಬೆಳೆದು ಜನರ ಪ್ರೀತಿ ಗಳಿಸಿದವರೂ ಆಗಿರಬಹುದು. ಒಂದು ಚುನಾವಣೆಯಿಂದ ತೀರ್ಮಾನಕ್ಕೆ ಬರದೆ ಮೂರನ್ನು ಜೊತೆಗಿಟ್ಟು ನೋಡಿ.

ಇಷ್ಟೆಲ್ಲ ಕಾಗದಕ್ಕೆ ಒತ್ತು ಕೊಡಲು ಕಾರಣವಿದೆ. 2008ರ ಮೇ ತಿಂಗಳಲ್ಲಿ ಬಟಾನ್ ಫವೇಲಾದಲ್ಲಿ ಗುಟ್ಟಾಗಿ ಬಾಡಿಗೆಗಿದ್ದ ಪತ್ರಿಕಾ ತಂಡವನ್ನು ಮಿಲಿಷಿಯಾ ಹಿಡಿದು ಚಿತ್ರಹಿಂಸೆ ಕೊಟ್ಟಿತು. ಆಮೇಲೆಯೇ ರಾಜ್ಯ ಶಾಸನಸಭೆ ಮಾರ್ಸೆಲೊ ಫ್ರೇಶು ಅಧ್ಯಕ್ಷತೆಯಲ್ಲಿ ತನಿಖಾ ಸಮಿತಿ ನೇಮಿಸಿದ್ದು. ಅವರ ಕಚೇರಿಯಲ್ಲಿ ದುಡಿದು ಮುಂದೆ ನಗರಸಭಾ ಸದಸ್ಯೆಯಾದ ಮರಿಯೆಲ್ಲೆ ಫ್ರಾಂಕೊ 2018ರ ಮಾರ್ಚ್ 14ರಂದು ಗುಂಡಿಗೆ ಬಲಿಯಾದರು. ಕೊಂದವನು ಮಾಜಿ ಪೊಲೀಸ್.

ಒಳಗೆ ಬಾಡಿಗೆಗೆ ಹೋಗಬೇಡಿ. ‘ಯಾರು ವಸೂಲಿ ಮಾಡುತ್ತಾರೆ?’ ಎಂದು ಅಲ್ಲಿನವರನ್ನು ಕೇಳಲೇಬೇಡಿ. ಉತ್ತರ ಕೊಟ್ಟವರು ನೀವು ಹೋದ ಮೇಲೂ ಅಲ್ಲೇ ಬಾಳಬೇಕು. ಯಾರಾದರೂ ತಾವಾಗಿ ರಸೀದಿ ತೋರಿಸಿದರೆ ಫೋಟೊ ತೆಗೆಯಬೇಡಿ. ಅದರ ಕ್ರಮಸಂಖ್ಯೆ, ತಾರೀಖು, ಚಿಲ್ಲರೆ ಸಮೇತದ ಮೊತ್ತ, ಈ ಮೂರರಿಂದಲೇ ಯಾರದೆಂದು ಪತ್ತೆ ಹಚ್ಚುತ್ತಾರೆ. ತಿಂಗಳು, ದುಂಡಗಿನ ಮೊತ್ತ, ಅಷ್ಟು ಬರೆದರೆ ಸಾಕು. ದೂರನ್ನು ಹತ್ತಿರದ ಠಾಣೆಗೆ ಒಯ್ಯಬೇಡಿ, ಅಲ್ಲಿ ಯಾರು ಯಾರ ಕಡೆಯವರೋ ಹೊರಗಿನವರಿಗೆ ತಿಳಿಯದು. ಹೆಸರು ಕೇಳದೆ ಮಾಹಿತಿ ಪಡೆಯುವ ‘ಡಿಸ್ಕಿ ಡೆನೂನ್ಸಿಯಾ’ ಎಂಬ ದೂರವಾಣಿ ಸೇವೆ 2253-1177ರಲ್ಲಿದೆ.

ಬರೆಯುವಾಗ ಪದದ ಮೇಲೆ ನಿಗಾ ಇರಲಿ. 2012ರಲ್ಲಿ ದಂಡಸಂಹಿತೆಗೆ ಸೇರಿದ 288-ಎ ವಿಧಿಯಡಿ ಖಾಸಗಿ ಮಿಲಿಷಿಯಾ ಕಟ್ಟುವುದು, ಸೇರುವುದು, ಹಣ ಒದಗಿಸುವುದು ಅಪರಾಧ. ಶಿಕ್ಷೆ 4ರಿಂದ 8 ವರ್ಷ. ಹಫ್ತಾ ಕೊಡುವ ಅಂಗಡಿಯವನು ಸುಲಿಗೆಗೆ ಸಿಕ್ಕವನು, ಅವನನ್ನು ‘ಹಣ ಒದಗಿಸಿದವರ’ ಸಾಲಿಗೆ ಸೇರಿಸಬೇಡಿ. ಹಿಡಿತದ ಗೆರೆ ಎಳೆದು ನಕ್ಷೆ ಮಾಡುವಾಗ ಪ್ರತಿ ಬೀದಿಯ ಮೇಲೂ ಮಾಹಿತಿ ಸಿಕ್ಕ ತಿಂಗಳನ್ನು ನಮೂದಿಸಿ. ಪರಿಸ್ಥಿತಿ ಬೇಗ ಬದಲಾಗುತ್ತದೆ: 2023ರ ಅಕ್ಟೋಬರ್ 23ರಂದು ಮಿಲಿಷಿಯಾ ಮುಖಂಡನೊಬ್ಬ ಪೊಲೀಸರ ಗುಂಡಿಗೆ ಸತ್ತಾಗ ಅವನ ಗುಂಪಿನವರು ಒಂದೇ ದಿನ 35 ಬಸ್ಸುಗಳನ್ನು ಸುಟ್ಟರು. ಡಿಸೆಂಬರ್ ಮುಗಿಯುವ ಮೊದಲೇ ಆ ಗುಂಪಿನ ನಾಯಕ ಶರಣಾದ. ಆರು ತಿಂಗಳು ದಾಟಿದ ಗೆರೆಯನ್ನು ಮತ್ತೆ ಪರಿಶೀಲಿಸದೆ ಪ್ರಕಟಿಸಬೇಡಿ.