ಆ್ಯಕ್ಟ್: ಎಲ್ಲಿ ಯಾವ ಅರ್ಥ?

ಇಂಗ್ಲಿಷಿನ ಆ್ಯಕ್ಟ್ ಕ್ರಿಯಾಪದವಾಗಿ ಬಂದರೆ, ಅದರ ಬೆನ್ನಿಗಿರುವ ಪುಟ್ಟ ಪದವನ್ನು ಮೊದಲು ನೋಡಿ. ಆ್ಯಕ್ಟ್ ಆನ್ ಎಂದರೆ ದೂರು, ಸಲಹೆ, ಮಾಹಿತಿಯ ಮೇಲೆ ಕ್ರಮ ಕೈಗೊಳ್ಳುವುದು. ಆ್ಯಕ್ಟ್ ಫಾರ್ ಎಂದರೆ ಒಬ್ಬರ ಪರವಾಗಿ ವ್ಯವಹರಿಸುವುದು, ವಕೀಲರು ಕಕ್ಷಿದಾರರ ಪರ ನಿಲ್ಲುವಂತೆ. ಆ್ಯಕ್ಟ್ ಅಪ್‌ಗೆ ನಟನೆಯ ಅರ್ಥ ಹಚ್ಚಬೇಡಿ: ಮಗುವಾದರೆ ರಚ್ಚೆ ಹಿಡಿದಿದೆ, ಮಿಕ್ಸಿಯಾದರೆ ಕೈಕೊಡುತ್ತಿದೆ.

ಹೆಚ್ಚು ಎಡವುವುದು ಕಾನೂನಿನ ಸುದ್ದಿಯಲ್ಲಿ. ದೊಡ್ಡಕ್ಷರದ ಆ್ಯಕ್ಟ್, ಜೊತೆಗೆ ಇಸವಿ ಇದ್ದರೆ ಅದು ಕಾಯ್ದೆ: ಮಾಹಿತಿ ಹಕ್ಕು ಕಾಯ್ದೆ, 2005. ಸಂಸತ್ತು ಅಂಗೀಕರಿಸಿದರೂ ರಾಷ್ಟ್ರಪತಿಯ ಅಂಕಿತ ಬೀಳುವವರೆಗೆ ಅದು ಮಸೂದೆಯೇ. ಮೊದಲೇ ಕಾಯ್ದೆ ಎಂದು ಬರೆದರೆ ಸುದ್ದಿಯೇ ತಪ್ಪು. ಆ್ಯಕ್ಟಿಂಗ್ ಚೀಫ್ ಜಸ್ಟಿಸ್ ಅಂದರೆ ಹಂಗಾಮಿ ಮುಖ್ಯ ನ್ಯಾಯಮೂರ್ತಿ.

ನಾಟಕದಲ್ಲಿ ಇದೇ ಪದ ಅಂಕ. ದೃಶ್ಯ ಎನ್ನಬೇಡಿ, ಒಂದು ಅಂಕದೊಳಗೆ ಹಲವು ದೃಶ್ಯಗಳಿರಬಹುದು.