ತೀರ್ಥನ್ ಹೊಳೆಗೆ ಟ್ರೌಟ್ ಮೀನು ಹಿಡಿಯೋಕೆ ಹೋಗುವವರಿಗೆ
ದಾವಣಗೆರೆಯಿಂದ ಬೇಸಿಗೆ ರಜೆಗೆ ಹಿಮಾಚಲಕ್ಕೆ, ನಕಲಿ ಹುಳ ಕಟ್ಟಿದ ದಾರ ಎಸೆದು ಮೀನು ಹಿಡಿಯುವ ಫ್ಲೈ ಫಿಶಿಂಗ್‌ಗೆ ಹೊರಟವರು ಬೆಳಗಿನ ಹೊತ್ತನ್ನು ಪೂರ್ತಿ ಹೊಳೆಗೇ ಇಟ್ಟುಕೊಳ್ಳಿ. ಸುತ್ತಾಟ, ದೇವಸ್ಥಾನ ಎಲ್ಲ ಮಧ್ಯಾಹ್ನಕ್ಕೆ ತಳ್ಳಿ. ಏಪ್ರಿಲ್-ಮೇನಲ್ಲಿ ಬಿಸಿಲೇರಿದಂತೆ ಮೇಲಿನ ಹಿಮ ಕರಗಿ, ಆ ನೀರು ಕೆಳಗಿಳಿಯುವಷ್ಟರಲ್ಲಿ ಮಧ್ಯಾಹ್ನ ದಾಟಿರುತ್ತದೆ. ಆಗ ಹೊಳೆ ಏರಿ ಬಗ್ಗಡವಾಗುತ್ತದೆ, ದಾರದ ತುದಿಯ ನಕಲಿ ಹುಳ ಮೀನಿಗೆ ಕಾಣುವುದೇ ಕಷ್ಟ. ದಡದ ಒಂದು ಕಲ್ಲು ಗುರುತಿಟ್ಟುಕೊಳ್ಳಿ. ಅದರ ಒದ್ದೆ ಗೆರೆ ಮುಳುಗುತ್ತಾ ಬಂತು ಅಂದ್ರೆ ಎದ್ದು ಬನ್ನಿ, ಸುಮ್ನೆ ತಣ್ಣೀರಲ್ಲಿ ನಿಲ್ಲಬೇಡಿ. ಹಿಂದಿನ ರಾತ್ರಿ ಜೋರು ಮಳೆಯಾಗಿದ್ದರೆ ಈ ಲೆಕ್ಕ ನಡೆಯಲ್ಲ, ಬೆಳಿಗ್ಗೆಯೂ ರಾಡಿಯೇ. ಜುಲೈ-ಆಗಸ್ಟ್ ಅಂತೂ ಬೇಡವೇ ಬೇಡ. ಅಕ್ಟೋಬರ್‌ನಲ್ಲಿ ನೀರು ಕಡಿಮೆ, ದಿನವಿಡೀ ತಿಳಿ. ಆದರೆ ಮೀನಿಗೂ ನೀವು ಚೆನ್ನಾಗಿ ಕಾಣ್ತೀರಿ, ಅಲ್ವಾ? ದಾರ ತೆಳುವಾಗಿರಲಿ, ಬಗ್ಗಿ ನಡೆಯಿರಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಟ್ರೌಟ್ ಮೊಟ್ಟೆಯಿಡುವ ಕಾಲ, ಹಿಡಿಯುವಂತಿಲ್ಲ. ಉಳಿದ ತಿಂಗಳಲ್ಲೂ ಅಲ್ಲಿನ ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು. ಎಸೆತ ರೂಢಿಯಾಗೋಕೆ ನಮ್ಮ ಹೈಸ್ಕೂಲ್ ಮೈದಾನವೇ ಸಾಕು, ಗಾಳದ ಬದಲು ಉಣ್ಣೆ ದಾರದ ತುಂಡು ಕಟ್ಟಿ. ಕ್ರಿಕೆಟ್ ಆಡುವ ಹುಡುಗರು ನಗ್ತಾರೆ, ನಗಲಿ ಬಿಡಿ.